ಹೊಡೆಯದ ಸ್ಟ್ರೈಕು

1981ರ ಶುರುವಿನ ಮಾತು. ನಾನಾಗ ಐದನೇ ಕ್ಲಾಸು, ಕನ್ನಡ ಮೀಡಿಯಂ. ಇಂಗ್ಲಿಷ್ ಅನ್ನೋದು ಆ ವರ್ಷವಷ್ಟೇ ನಮ್ಮ ಚೀಲದೊಳಗೆ ಬಂದು ಕೂತಿತ್ತು. ಮೇಷ್ಟ್ರು ದಿನಕ್ಕೆ ಹತ್ತು ಪದ ಕೊಟ್ಟು ಬಾಯಿಪಾಠ ಮಾಡಿಸೋರು. ಹಾಗೆ ಒಂದು ದಿನ ಬಂದ ಪದ ಸ್ಟ್ರೈಕ್. ಸ್ಟ್ರೈಕ್ ಅಂದರೆ ಹೊಡೆ.

ಮನೆಗೆ ಬಂದರೆ ಅಪ್ಪ ಜಗಲಿ ಮೇಲೆ ಕೂತು ಅಮ್ಮನ ಜೊತೆ ಅಕ್ಕಿ ಆರಿಸ್ತಾ ಇದ್ದರು. ಬೆಂಗಳೂರಿನ ದೊಡ್ಡ ದೊಡ್ಡ ಸಾರ್ವಜನಿಕ ಕಾರ್ಖಾನೆಗಳಲ್ಲಿ ಆಗ ಸ್ಟ್ರೈಕು. 1980ರ ಡಿಸೆಂಬರಿನಲ್ಲಿ ಶುರುವಾಗಿ ಮಾರ್ಚ್ ತನಕ, 77 ದಿನ ನಡೆದದ್ದು. ಭೆಲ್ ಕಾರ್ಮಿಕರಿಗೆ ಸಿಗುವಷ್ಟೇ ಸಂಬಳ ತಮಗೂ ಬೇಕು ಅನ್ನೋದು ಬೇಡಿಕೆ. ನನಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು? ಬೆಳಿಗ್ಗೆ ಕಲಿತ ಪದದ ಬಿಸಿ ಆರಿರಲಿಲ್ಲ. "ಅಪ್ಪಾ, ನೀವು ಯಾರಿಗೆ ಹೊಡೀತಾ ಇದೀರಾ?" ಅಂತ ಕೇಳಿಬಿಟ್ಟೆ. ಅಪ್ಪ ಮೊರದಿಂದ ತಲೆ ಎತ್ತಿ ನಕ್ಕರು. "ಯಾರಿಗೂ ಇಲ್ಲ ಕಣೋ. ಸುಮ್ನೆ ಕೂತಿದೀವಿ, ಅಷ್ಟೇ."

ಹೊಡೆ ಅನ್ನೋ ಪದಕ್ಕೆ ಸುಮ್ಮನೆ ಕೂರೋದು ಅನ್ನೋ ಅರ್ಥ ಹೇಗೆ ಬಂತು? ಈ ಪ್ರಶ್ನೆ ತಲೆಯ ಒಂದು ಮೂಲೆಯಲ್ಲಿ ಬಹಳ ವರ್ಷ ಕೂತೇ ಇತ್ತು. ನಿಘಂಟು ಬಿಚ್ಚಿ ನೋಡುವಷ್ಟು ದೊಡ್ಡವನಾದ ಮೇಲೆ ನೋಡಿದೆ. ನೋಡಿದರೆ ಅದೊಂದು ಪದವಲ್ಲ ಸ್ವಾಮಿ, ಒಂದು ಸಂತೆ!

ಗಡಿಯಾರ ಸ್ಟ್ರೈಕ್ ಮಾಡುತ್ತೆ, ಸಿಡಿಲು ಸ್ಟ್ರೈಕ್ ಮಾಡುತ್ತೆ, ಹಾವು ಸ್ಟ್ರೈಕ್ ಮಾಡುತ್ತೆ. ಬೆಂಕಿಕಡ್ಡಿ ಗೀರಿದರೂ ಸ್ಟ್ರೈಕ್, ನಾಣ್ಯ ಟಂಕಿಸಿದರೂ ಸ್ಟ್ರೈಕ್. ವ್ಯಾಪಾರ ಕುದುರಿದರೆ ಸ್ಟ್ರೈಕ್, ನೆಲದಡಿ ಚಿನ್ನ ಸಿಕ್ಕರೆ ಸ್ಟ್ರೈಕ್. ಹೊಸ ಯೋಚನೆ ಹೊಳೆದರೂ ಅದೇ ಪದ. ಚೆಲುವಾದ ಮುಖಕ್ಕೂ ಅದರದ್ದೇ ಇನ್ನೊಂದು ರೂಪ, ರೋಗಕ್ಕೆ ಸಿಕ್ಕವನಿಗೂ ಅದರದ್ದೇ ಮತ್ತೊಂದು ರೂಪ. ವಕೀಲರ ಹೆಸರನ್ನು ಪಟ್ಟಿಯಿಂದ ತೆಗೆದರೆ ಸ್ಟ್ರೈಕ್ ಆಫ್, ನ್ಯಾಯಾಲಯ ಕಾನೂನನ್ನು ಹೊಡೆದುಹಾಕಿದರೆ ಸ್ಟ್ರೈಕ್ ಡೌನ್. 2015ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಐಟಿ ಕಾಯ್ದೆಯ 66ಎ ಕಲಮನ್ನು ತೆಗೆದುಹಾಕಿದಾಗ ಇಂಗ್ಲಿಷ್ ಪತ್ರಿಕೆಗಳ ಮುಖಪುಟದ ತುಂಬ ಇದೇ ಪದ. ನಾಟಕ ಮುಗಿದ ಮೇಲೆ ರಂಗಸಜ್ಜಿಕೆ ಕಳಚೋದು, ಸೈನ್ಯ ಡೇರೆ ಬಿಚ್ಚೋದು, ಇವಕ್ಕೂ ಸ್ಟ್ರೈಕ್.

ಇಷ್ಟರಲ್ಲಿ ಕೆಲವು ಹೊಡೆಯುವ ಅರ್ಥಗಳು, ಸರಿ. ಆದರೆ ಡೇರೆ ಬಿಚ್ಚೋದರಲ್ಲಿ ಹೊಡೆತ ಎಲ್ಲಿದೆ?

ಬೇರು ಹುಡುಕಿಕೊಂಡು ಹೋದರೆ ಇನ್ನೂ ಸೋಜಿಗ. ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದದ ರೂಪ ಸ್ಟ್ರೀಕನ್. ಅದರ ಅರ್ಥ ಹೊಡೆಯೋದಲ್ಲ. ಸವರು, ನೇವರಿಸು, ಸರಿದು ಹೋಗು ಅಂತ. ಬೆಕ್ಕಿನ ಬೆನ್ನು ನೇವರಿಸುವ ಸ್ಟ್ರೋಕ್ ಇದರ ಒಡಹುಟ್ಟು. ಜರ್ಮನ್ನಿನಲ್ಲಿ ಇದೇ ಕುಲದ ಸ್ಟ್ರೈಖೆನ್ ಅನ್ನೋ ಪದ ಇವತ್ತಿಗೂ ಸವರು, ಬಣ್ಣ ಬಳಿ, ಗೆರೆ ಎಳೆದು ಅಳಿಸು ಅನ್ನೋ ಅರ್ಥದಲ್ಲಿದೆ. ನೇವರಿಸುವ ಕೈ ನಿಧಾನಕ್ಕೆ ಹೊಡೆಯುವ ಕೈಯಾದದ್ದು ಮುಂದಿನ ಶತಮಾನಗಳಲ್ಲಿ.

ಸವರುವ ಹಳೆಯ ಅರ್ಥ ಪೂರ್ತಿ ಸಾಯಲಿಲ್ಲ. ಇಂಗ್ಲೆಂಡಿನಲ್ಲಿ ಕಾಳು ಅಳೆಯುವ ಒಂದು ಅಳತೆಗೇ ಸ್ಟ್ರೈಕ್ ಅಂತ ಹೆಸರಿತ್ತು. ಕೊಳಗ ತುಂಬಿದ ಮೇಲೆ ಕೋಲಿನಿಂದ ಮೇಲ್ಭಾಗ ಸವರಿ ಮಟ್ಟ ಮಾಡಿದರೆ ಅದು ಸ್ಟ್ರಕ್ ಅಳತೆ; ಗೋಪುರದ ಹಾಗೆ ಏರಿಸಿದರೆ ಬೇರೆ ಲೆಕ್ಕ. ಇದನ್ನು ಓದಿದಾಗ ನನಗೆ ನೆನಪಾದದ್ದು ಆ 77 ದಿನಗಳಲ್ಲಿ ನಮಗೆ ಸಾಲ ಕೊಡ್ತಿದ್ದ ಅಂಗಡಿ. ಮೊದಮೊದಲು ಪಾವು ಮೇಲಕ್ಕೆ ಏರಿರ್ತಿತ್ತು. ಫೆಬ್ರವರಿ ಹೊತ್ತಿಗೆ ಅಂಗಡಿಯವರು ಅಂಗೈಯಿಂದ ಸವರಿ ಮಟ್ಟ ಮಾಡೋಕೆ ಶುರು ಮಾಡಿದರು. ತಪ್ಪು ಅಂತ ಹೇಳೋಕಾಗಲ್ಲ ಬಿಡಿ, ಅವರಿಗೂ ಮಕ್ಕಳಿದ್ದರು.

ಇನ್ನು ಕಳ್ಳರ ಭಾಷೆ. 1591ರಲ್ಲಿ ರಾಬರ್ಟ್ ಗ್ರೀನ್ ಅನ್ನೋ ಲೇಖಕ ಲಂಡನ್ನಿನ ಮೋಸಗಾರರ ಬಗ್ಗೆ ಪುಸ್ತಕ ಬರೆದು ಅವರ ಗುಪ್ತ ಪದಗಳ ಪಟ್ಟಿ ಕೊಟ್ಟ. ಆ ಪಟ್ಟಿಯಲ್ಲಿ ಜೇಬಿಗೆ ಕೈ ಹಾಕಿ ಕದಿಯುವ ಕೆಲಸಕ್ಕೆ ಸ್ಟ್ರೈಕಿಂಗ್ ಅಂತ ಹೆಸರು. ನಮ್ಮಲ್ಲೂ "ಪಾಕೀಟು ಹೊಡೆದ" ಅಂತೀವಲ್ಲ, ಹಾಗೇ! ನಾನೂರು ವರ್ಷದ ಹಿಂದಿನ ಲಂಡನ್ ಜೇಬುಗಳ್ಳನಿಗೂ ಮೆಜೆಸ್ಟಿಕ್ಕಿನ ಜೇಬುಗಳ್ಳನಿಗೂ ಕ್ರಿಯಾಪದ ಒಂದೇ.

ಆದರೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನೆಲದ ಮೇಲಲ್ಲ, ಸಮುದ್ರದ ಮೇಲೆ.

ಹಡಗಿನವರ ಭಾಷೆಯಲ್ಲಿ ಸ್ಟ್ರೈಕ್ ಅಂದರೆ ಕೆಳಗಿಳಿಸು. ಹಾಯಿ ಇಳಿಸಿದರೆ ಸ್ಟ್ರೈಕ್, ಧ್ವಜ ಇಳಿಸಿದರೂ ಸ್ಟ್ರೈಕ್. ಯುದ್ಧದ ನಡುವೆ ಒಂದು ಹಡಗು ಧ್ವಜ ಇಳಿಸಿತು ಅಂದರೆ ಅದು ಸೋತಿತು, ಶರಣಾಯಿತು ಅಂತ ಅರ್ಥ. ಡೇರೆ ಬಿಚ್ಚೋದೂ ರಂಗಸಜ್ಜಿಕೆ ಕಳಚೋದೂ ಇದೇ ಇಳಿಸುವ ಅರ್ಥದ ಗುಂಪಿನವು.

ಈ ಇಳಿಸುವಿಕೆ ಎಷ್ಟು ಮಾನದ ಪ್ರಶ್ನೆಯಾಗಿತ್ತು ಅಂದರೆ ಅದಕ್ಕಾಗಿ ಯುದ್ಧವೇ ಆಗಿದೆ. ತಮ್ಮ ಸಮುದ್ರ ಅಂತ ಇಂಗ್ಲಿಷರು ಹೇಳಿಕೊಳ್ತಿದ್ದ ನೀರಿನಲ್ಲಿ ಬೇರೆ ದೇಶದ ಹಡಗು ಬಂದರೆ ಅದು ಮರ್ಯಾದೆಗೆ ಧ್ವಜ ತಗ್ಗಿಸಬೇಕು ಅನ್ನೋದು ಅವರ ಹಠ. 1652ರ ಮೇ ತಿಂಗಳಲ್ಲಿ ಡೋವರ್ ಬಳಿ ಡಚ್ಚರ ನೌಕಾಧಿಪತಿ ಟ್ರಾಂಪ್ ಎದುರಾದ. ಧ್ವಜ ಇಳಿಸೋದು ತಡವಾಯಿತು. ಇಂಗ್ಲಿಷರ ರಾಬರ್ಟ್ ಬ್ಲೇಕ್ ಗುಂಡು ಹಾರಿಸಿದ. ವ್ಯಾಪಾರದ ಹೊಟ್ಟೆಕಿಚ್ಚು ಎರಡೂ ಕಡೆ ಮೊದಲೇ ಹೊಗೆಯಾಡ್ತಿತ್ತು, ಈ ಕಿಡಿ ಸಾಕಾಯಿತು. ಮೊದಲ ಇಂಗ್ಲಿಷ್-ಡಚ್ ಯುದ್ಧ 1654ರ ತನಕ ನಡೆಯಿತು. ಕೊನೆಗೆ ಆದ ಒಪ್ಪಂದದಲ್ಲಿ ಡಚ್ಚರು ಧ್ವಜ ತಗ್ಗಿಸೋಕೆ ಒಪ್ಪಿಕೊಳ್ಳಬೇಕಾಯಿತು.

ಅಂದರೆ ಆ ಕಾಲಕ್ಕೆ ಹಡಗಿನವನೊಬ್ಬ ಸ್ಟ್ರೈಕ್ ಮಾಡಿದ ಅಂದರೆ ತಲೆ ಬಾಗಿದ ಅಂತ. ಇದನ್ನು ನೆನಪಿಟ್ಟುಕೊಂಡು ಮುಂದೆ ಬನ್ನಿ.

1768ರ ಲಂಡನ್. ಚಳಿಗಾಲ ಕಠಿಣವಾಗಿತ್ತು. ರೊಟ್ಟಿ ದುಬಾರಿ, ಕೂಲಿ ಕಡಿಮೆ. ರಾಜಕೀಯವಾಗಿಯೂ ಊರು ಕಾದ ಬಾಣಲೆ. ಸರ್ಕಾರವನ್ನು ಎದುರು ಹಾಕಿಕೊಂಡಿದ್ದ ಜಾನ್ ವಿಲ್ಕ್ಸ್ ಜೈಲಿನಲ್ಲಿದ್ದ. ಅವನ ಪರ ಸೇರಿದ್ದ ಜನರ ಮೇಲೆ ಮೇ 10ರಂದು ಸೇಂಟ್ ಜಾರ್ಜ್ ಫೀಲ್ಡ್ಸ್ ಮೈದಾನದಲ್ಲಿ ಸೈನಿಕರು ಗುಂಡು ಹಾರಿಸಿದರು, ಜನ ಸತ್ತರು. ಅದೇ ದಿನಗಳಲ್ಲಿ ಥೇಮ್ಸ್ ನದಿಯ ನಾವಿಕರು ಕೂಲಿ ಹೆಚ್ಚಿಸಿ ಅಂತ ಎದ್ದರು. ಅವರು ಮಾಡಿದ್ದು ಇಷ್ಟೇ: ಗುಂಪು ಗುಂಪಾಗಿ ಹಡಗಿನಿಂದ ಹಡಗಿಗೆ ಹತ್ತಿ ಮೇಲಿನ ಹಾಯಿಗಳನ್ನೂ ಅಡ್ಡಮರಗಳನ್ನೂ ಕೆಳಗಿಳಿಸಿಬಿಟ್ಟರು. ಹಾಯಿ ಇಲ್ಲದ ಹಡಗು ಎಲ್ಲಿಗೆ ಹೋದೀತು? ಜಗತ್ತಿನ ದೊಡ್ಡ ಬಂದರುಗಳಲ್ಲಿ ಒಂದಾದ ಲಂಡನ್ನಿನಲ್ಲಿ ಸರಕು ತುಂಬಿದ ಹಡಗುಗಳು ನಿಂತಲ್ಲೇ ನಿಂತವು.

ಶರಣಾಗತಿಯ ಗುರುತಾಗಿದ್ದ ಕೆಲಸವನ್ನೇ ಅವರು ತಿರುಗಿಸಿ ಹಿಡಿದಿದ್ದರು. ಹಾಯಿ ಇಳಿಸಿದ್ದು ಸೋತು ಅಲ್ಲ, ಕೂಲಿ ಕೊಡೋ ತನಕ ಏರಿಸಲ್ಲ ಅಂತ.

ಇಲ್ಲಿಂದ ಪದ ದಡಕ್ಕೆ ಹಾರಿದ ವೇಗ ನೋಡಿ. ಅದೇ ವರ್ಷದ ಲಂಡನ್ನಿನ ವಾರ್ಷಿಕ ದಾಖಲೆಯೊಂದರಲ್ಲಿ ಟೋಪಿ ಮಾಡುವ ಕೆಲಸಗಾರರು ಸ್ಟ್ರಕ್, ಕೂಲಿ ಹೆಚ್ಚಿಸೋ ತನಕ ಕೆಲಸ ಮಾಡಲೊಲ್ಲರು ಅನ್ನೋ ಸುದ್ದಿ ಇದೆ. ಟೋಪಿಯವರಿಗೆ ಎಲ್ಲಿಯ ಹಾಯಿ? ಅವರು ಇಳಿಸಿದ್ದು ಕೈಯಲ್ಲಿದ್ದ ಕೆಲಸವನ್ನ. ಈ ಅರ್ಥದ ಮೂಲ ಹಾಯಿಯೇ ಅಂತ ಬಹುಪಾಲು ನಿಘಂಟುಕಾರರು ಹೇಳೋದು ಇಂಥ ಸಾಕ್ಷಿಗಳಿಂದ.

ಆ ವರ್ಷದ ಕತೆ ಸುಖಾಂತ ಏನಲ್ಲ. ನಾವಿಕರಿಗೂ ಕಲ್ಲಿದ್ದಲು ಹೊರುವವರಿಗೂ ನಡುವೆಯೇ ಹೊಡೆದಾಟ ಆದವು. ಜುಲೈನಲ್ಲಿ ಏಳು ಮಂದಿ ಕಲ್ಲಿದ್ದಲು ಕಾರ್ಮಿಕರನ್ನು ಶಾಡ್‌ವೆಲ್ ಬಳಿ, ಅವರು ಬದುಕಿದ್ದ ಕೇರಿಯ ಪಕ್ಕದಲ್ಲೇ, ಗಲ್ಲಿಗೇರಿಸಿದರು. ಹೊಸ ಅರ್ಥ ಹುಟ್ಟಿದ ವರ್ಷವೇ ಅದಕ್ಕೆ ರಕ್ತದ ಕಲೆ ಅಂಟಿತು. ಹಾಗಂತ ಆ ಅರ್ಥ ಹುಟ್ಟಿದ್ದು ಏಟಿನಿಂದ ಅಲ್ಲ, ಹಾಯಿ ಇಳಿದ ಹಡಗುಗಳ ನಿಶ್ಚಲತೆಯಿಂದ. ಇವೆರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳೋದು ಮುಖ್ಯ ಅಂತ ನನಗನ್ನಿಸುತ್ತೆ.

ಆಗಿನ ಕಾನೂನಿಗೆ ಸ್ಟ್ರೈಕ್ ಅನ್ನೋ ಪದ ಬೇಕಿರಲಿಲ್ಲ. ಅದು ಬಳಸ್ತಿದ್ದ ಪದ ಕಾಂಬಿನೇಷನ್, ಅಂದರೆ ಒಟ್ಟು ಸೇರೋದು. 1799 ಮತ್ತು 1800ರ ಕಾಯ್ದೆಗಳು ಕೂಲಿ ಹೆಚ್ಚಿಸೋಕೆ ಕಾರ್ಮಿಕರು ಒಟ್ಟಾಗೋದನ್ನೇ ಅಪರಾಧ ಮಾಡಿದವು. 1824ರಲ್ಲಿ ಅವು ರದ್ದಾದವು, ಮರುವರ್ಷವೇ ಕಡಿವಾಣ ಮತ್ತೆ ಬಿತ್ತು. ತಮಾಷೆ ಏನಪ್ಪಾ ಅಂದರೆ, ನಮ್ಮ 1947ರ ಕೈಗಾರಿಕಾ ವಿವಾದ ಕಾಯ್ದೆ ಸ್ಟ್ರೈಕಿಗೆ ಕೊಟ್ಟ ವ್ಯಾಖ್ಯೆಯಲ್ಲಿ ಆ ಹಳೆಯ ಕಾಂಬಿನೇಷನ್ ಪದ ಹಾಗೇ ಕೂತಿದೆ. ಒಟ್ಟಾಗಿ ಸೇರಿ ಕೆಲಸ ನಿಲ್ಲಿಸೋದು, ಇದು ಅದರ ತಿರುಳು. ಆ ವ್ಯಾಖ್ಯೆಯಲ್ಲಿ ಹೊಡೆತದ ಸುಳಿವೇ ಇಲ್ಲ, ನಿಲುಗಡೆ ಮಾತ್ರ. ನಮ್ಮಪ್ಪ ಜಗಲಿ ಮೇಲೆ ಕೂತು ಹೇಳಿದ್ದನ್ನೇ ಕಾನೂನೂ ಹೇಳಿತ್ತು.

ಹತ್ತೊಂಬತ್ತನೇ ಶತಮಾನದಲ್ಲಿ ಈ ಪದ ಲೋಕಸಂಚಾರಕ್ಕೆ ಹೊರಟಿತು. ಜರ್ಮನ್ನರು ತಮ್ಮ ಹಳೆಯ ಸ್ಟ್ರೈಖೆನ್ ಇದ್ದರೂ ಇಂಗ್ಲಿಷಿನಿಂದ ಸ್ಟ್ರೈಕ್ ಅಂತ ಹೊಸದಾಗಿ ಕಡ ತಂದರು. ಸ್ವೀಡನ್ನಿನವರು ಸ್ಟ್ರೇಕ್ ಅಂದರು. 2018ರಲ್ಲಿ ಗ್ರೆಟಾ ಥನ್‌ಬರ್ಗ್ ಅನ್ನೋ ಹುಡುಗಿ ಸಂಸತ್ತಿನ ಮುಂದೆ ಹಿಡಿದು ಕೂತ ಫಲಕದಲ್ಲಿ ಇದ್ದದ್ದು ಆ ಪದವೇ. ಫ್ರೆಂಚರು ಮಾತ್ರ ಒಪ್ಪಲಿಲ್ಲ. ಅವರದ್ದು ಗ್ರೇವ್. ಪ್ಯಾರಿಸ್ಸಿನಲ್ಲಿ ಸೇನ್ ನದಿ ದಡದ ಗ್ರೇವ್ ಚೌಕದಲ್ಲಿ ಕೆಲಸ ಇಲ್ಲದವರು ಕೂಲಿ ಹುಡುಕಿಕೊಂಡು ನಿಲ್ತಿದ್ದರು, ಅಲ್ಲಿಂದ ಬಂದದ್ದು. ಜಪಾನಿನವರು ಇನ್ನೂ ಬುದ್ಧಿವಂತರು. ಒಂದೇ ಪದವನ್ನು ಎರಡು ಸಲ ಕಡ ತಂದು ಎರಡು ವೇಷ ಹಾಕಿದರು. ಕಾರ್ಖಾನೆಯದು ಸುತೊರೈಕಿ, ಬೇಸ್‌ಬಾಲಿನದು ಸುತೊರೈಕು. ಗೊಂದಲವೇ ಇಲ್ಲ.

ಇಂಗ್ಲೆಂಡಿನಲ್ಲೇ ಈ ಪದದ ಎರಡು ಅರ್ಥ ಒಂದೇ ಕಡೆ ಮುಖಾಮುಖಿಯಾದ ಸಂದರ್ಭವೂ ಇದೆ. 1888ರ ಜುಲೈನಲ್ಲಿ ಪೂರ್ವ ಲಂಡನ್ನಿನ ಬ್ರಯಂಟ್ ಅಂಡ್ ಮೇ ಬೆಂಕಿಕಡ್ಡಿ ಕಾರ್ಖಾನೆಯ ಸುಮಾರು 1,400 ಹೆಂಗಸರು, ಹುಡುಗಿಯರು ಕೆಲಸ ಬಿಟ್ಟು ಹೊರಬಂದರು. ಗೀರಿದರೆ ಹೊತ್ತಿಕೊಳ್ಳುವ ಕಡ್ಡಿ ಮಾಡುವವರು ಅವರು. ಆ ಕಡ್ಡಿಯ ಬಿಳಿ ರಂಜಕ ಕೆಲಸಗಾರರ ದವಡೆಯ ಮೂಳೆಯನ್ನೇ ಕೊಳೆಸ್ತಿತ್ತು. ಸಂಬಳದಲ್ಲಿ ಮಾತು ಮಾತಿಗೂ ದಂಡ. ಇದನ್ನೆಲ್ಲ ಪತ್ರಿಕೆಯಲ್ಲಿ ಬರೆದು ಬಯಲಿಗೆಳೆದಾಕೆ ಆನಿ ಬೆಸೆಂಟ್. ಮುಂದೆ ಮದರಾಸಿಗೆ ಬಂದು ಹೋಂ ರೂಲ್ ಚಳವಳಿ ಕಟ್ಟಿದ ಅದೇ ಬೆಸೆಂಟಮ್ಮ. ಎರಡು ವಾರದೊಳಗೆ ಹುಡುಗಿಯರು ಗೆದ್ದರು. ಮರುವರ್ಷ, 1889ರಲ್ಲಿ, ಹಾಯಿ ಇಳಿದಿದ್ದ ಅದೇ ಥೇಮ್ಸ್ ದಡದಲ್ಲಿ ಹಡಗುಕಟ್ಟೆಯ ಕೂಲಿಗಳು ಐದು ವಾರ ಕೆಲಸ ನಿಲ್ಲಿಸಿ ಗಂಟೆಗೆ ಆರು ಪೆನ್ಸ್ ಕೂಲಿ ಪಡೆದರು.

ಅಮೆರಿಕದಲ್ಲಿ ಪದ ಇನ್ನೊಂದು ಲಾಗ ಹೊಡೆಯಿತು. ಬೇಸ್‌ಬಾಲಿನಲ್ಲಿ ಸ್ಟ್ರೈಕ್ ಅಂದರೆ ದಾಂಡಿಗ ಚೆಂಡನ್ನು ಹೊಡೆಯಲಿಲ್ಲ ಅಂತ! ಬೀಸಿ ತಪ್ಪಿದರೆ ಸ್ಟ್ರೈಕ್, ಒಳ್ಳೇ ಚೆಂಡನ್ನು ಸುಮ್ಮನೆ ಬಿಟ್ಟರೂ ಸ್ಟ್ರೈಕ್. ಮೂರಾದರೆ ಔಟ್. ಹೀಗೆ ಆಡುಮಾತಿನಲ್ಲಿ ಸ್ಟ್ರೈಕ್ ಔಟ್ ಅಂದರೆ ಸೋತು ಸುಣ್ಣವಾಗೋದು. ಹುಡುಗಿ ಹತ್ತಿರ ಮಾತಾಡೋಕೆ ಹೋಗಿ ಮುಖ ಇಷ್ಟಗಲ ಮಾಡಿಕೊಂಡು ಬಂದವನಿಗೂ ಅದೇ ಮಾತು. ಬೌಲಿಂಗ್ ಅಂಕಣದಲ್ಲಿ ಮಾತ್ರ ಹತ್ತೂ ಗೂಟ ಒಂದೇ ಏಟಿಗೆ ಉರುಳಿದರೆ ಸ್ಟ್ರೈಕ್. ಒಂದೇ ದೇಶ, ಒಂದೇ ಪದ; ಒಂದು ಆಟದಲ್ಲಿ ಪೂರ್ತಿ ತಪ್ಪು, ಇನ್ನೊಂದರಲ್ಲಿ ಪೂರ್ತಿ ಗುರಿ. ಮೂರು ಸಲ ಅಪರಾಧ ಮಾಡಿದವನಿಗೆ ಭಾರೀ ಶಿಕ್ಷೆ ಕೊಡುವ 1994ರ ಕ್ಯಾಲಿಫೋರ್ನಿಯಾ ಕಾನೂನಿಗೂ ಹೆಸರು ಬಂದದ್ದು ಬೇಸ್‌ಬಾಲಿನಿಂದಲೇ. ನಿಮ್ಮ ಮಗನ ಯೂಟ್ಯೂಬ್ ಚಾನೆಲ್ಲಿಗೆ ಮೂರು ಕಾಪಿರೈಟ್ ಸ್ಟ್ರೈಕ್ ಬಿದ್ದರೆ ಬಾಗಿಲು ಹಾಕ್ತಾರಲ್ಲ, ಅದಕ್ಕೂ ಅಜ್ಜ ಅದೇ ಆಟ.

ನಮ್ಮ ಕ್ರಿಕೆಟ್ಟೂ ಕಡಿಮೆ ಏನಿಲ್ಲ. ಬ್ಯಾಟ್ಸ್‌ಮನ್ನಿನ ಸ್ಟ್ರೈಕ್ ರೇಟು ನೂರು ಚೆಂಡಿಗೆ ಎಷ್ಟು ರನ್ ಅಂತ, ಹೆಚ್ಚಿದ್ದಷ್ಟೂ ಒಳ್ಳೇದು. ಬೌಲರಿನದು ಒಂದು ವಿಕೆಟಿಗೆ ಎಷ್ಟು ಚೆಂಡು ಅಂತ, ಕಡಿಮೆ ಇದ್ದಷ್ಟೂ ಒಳ್ಳೇದು. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ನಮ್ಮ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದಾಗ ಹಾಕಿದ್ದು 26.3 ಓವರು, ಅಂದರೆ 159 ಚೆಂಡು. ಆ ಇನಿಂಗ್ಸಿನ ಸ್ಟ್ರೈಕ್ ರೇಟು 15.9. ಅದೇ ಅಂಕಿ ಬ್ಯಾಟ್ಸ್‌ಮನ್ನಿನದಾಗಿದ್ದರೆ ಮನೆಗೆ ಕಳಿಸ್ತಿದ್ದರು.

ಕರ್ನಾಟಕಕ್ಕೆ ಬಂದರೆ, ಈ ಪದದ ಮೂರು ಅರ್ಥಗಳು ಒಂದೇ ನೆಲದಲ್ಲಿ ಕೂಡಿದ ಜಾಗ ಕೋಲಾರದ ಚಿನ್ನದ ಗಣಿ. ಚಿನ್ನ ಸಿಕ್ಕೋದು ಮೊದಲನೇ ಸ್ಟ್ರೈಕ್. ಬಂಡೆಯ ಪದರ ನೆಲಮಟ್ಟದಲ್ಲಿ ಯಾವ ದಿಕ್ಕಿಗೆ ಹಾದುಹೋಗಿದೆ ಅನ್ನೋದಕ್ಕೆ ಭೂವಿಜ್ಞಾನಿಗಳ ಪದವೂ ಸ್ಟ್ರೈಕೇ. ಅಲ್ಲಿನ ಹೆಸರಾಂತ ಚಾಂಪಿಯನ್ ಅದಿರುಪಟ್ಟಿಯ ಸ್ಟ್ರೈಕ್ ಉತ್ತರ-ದಕ್ಷಿಣ. ಮೂರನೆಯದು 1930ರದು. ಕಾರ್ಮಿಕರೆಲ್ಲ ಬೆರಳಚ್ಚು ಕೊಡಬೇಕು ಅಂತ ಬಂದ ಕಟ್ಟಳೆಯನ್ನು ವಿರೋಧಿಸಿ ಗಣಿಯವರು ಕೆಲಸ ನಿಲ್ಲಿಸಿದರು. ಬೆರಳಚ್ಚು ತೆಗೆಯೋದು ಕಳ್ಳಕಾಕರದ್ದು. ನೆಲದಡಿ ಮೈಲಿಗಟ್ಟಲೆ ಇಳಿದು ದುಡಿಯುವವರಿಗೆ ಅದು ಅವಮಾನ. ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ 1974ರ ಮೇ 8ರಿಂದ ನಡೆಸಿದ ರೈಲ್ವೆ ಸ್ಟ್ರೈಕಂತೂ ಇಡೀ ದೇಶದ ಚಕ್ರವನ್ನೇ ನಿಲ್ಲಿಸಿತು; ಮೂರು ವಾರದಲ್ಲಿ ಅದನ್ನು ಹತ್ತಿಕ್ಕಲಾಯಿತು. 2003ರಲ್ಲಿ ಸರ್ಕಾರಿ ನೌಕರರಿಗೆ ಸ್ಟ್ರೈಕ್ ಮಾಡುವ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಅರ್ಧದಷ್ಟು ಕೆಲಸಗಾರರು ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೂ ಅದು ಸ್ಟ್ರೈಕೇ. ಪದದ ಅರ್ಥ ಹಿಗ್ಗುತ್ತಾ ಇದೆ, ಮಾಡುವವರ ಜಾಗ ಕುಗ್ಗುತ್ತಾ ಇದೆ.

ಕನ್ನಡದ ಹೊಡೆ ಕ್ರಿಯಾಪದವೂ ಸ್ಟ್ರೈಕಿಗೆ ಸರಿಸಾಟಿ ಸಂತೆಯೇ. ಗಂಟೆ ಹೊಡೆಯುತ್ತೆ, ಲಾಟರಿ ಹೊಡೆಯುತ್ತೆ. ಗೋಡೆಗೆ ಬಣ್ಣ ಹೊಡೀತೀವಿ (ಜರ್ಮನ್ನರ ಹಾಗೇ), ಬೇಡದ ಸಾಲು ಹೊಡೆದುಹಾಕ್ತೀವಿ, ಹುಡುಗರು ಲೈನು ಹೊಡೀತಾರೆ, ಮಧ್ಯಾಹ್ನ ಗೊರಕೆ ಹೊಡೀತೀವಿ. ಇಷ್ಟಿದ್ದೂ ಕೆಲಸ ನಿಲ್ಲಿಸೋದಕ್ಕೆ ಕನ್ನಡಿಗ ಹೊಡೆ ಅನ್ನಲಿಲ್ಲ. ಬಾಯಲ್ಲಿ ಸ್ಟ್ರೈಕು, ಪತ್ರಿಕೆಯಲ್ಲಿ ಮುಷ್ಕರ. ಹಿಂದಿಯವರ ಹಡತಾಲ್ ಅಂಗಡಿಗೆ ಬೀಗ ಹಾಕೋದರಿಂದ ಬಂದದ್ದು, ಅದರಲ್ಲೂ ನಿಲ್ಲಿಸುವ ಚಿತ್ರವೇ ಇದೆ. ಮುಷ್ಕರಕ್ಕೆ ನಮ್ಮ ನಿಘಂಟುಗಳಲ್ಲಿ ಹಠ, ಮೊಂಡುತನ ಅನ್ನೋ ಹಳೆಯ ಅರ್ಥ ಉಂಟು. ಪಕ್ಕದ ತೆಲುಗು ಪತ್ರಿಕೆ ತೆಗೆದರೆ ಮುಷ್ಕರರು ಅಂದರೆ ಭಯೋತ್ಪಾದಕರು! ಯಾರು ಪದ ಆರಿಸ್ತಾರೋ ಅವರ ನೋಟ ಆ ಪದದೊಳಗೆ ಇಳಿದಿರುತ್ತೆ.

2016ರ ಸೆಪ್ಟೆಂಬರಿನ ಸರ್ಜಿಕಲ್ ಸ್ಟ್ರೈಕ್ ಆದ ಮೇಲೆ ಈ ಪದ ಕನ್ನಡದ ಟೀವಿಗಳಲ್ಲಿ ಬಾಂಬಿನ ಹೊಗೆಯ ಜೊತೆಗೇ ಬರ್ತಿದೆ. ಯಾರೋ ಬಸ್ಸಿನವರು, ಯಾರೋ ಆಶಾ ಕಾರ್ಯಕರ್ತೆಯರು ಸ್ಟ್ರೈಕ್ ಅಂದ ಕೂಡಲೇ ಅದೂ ಒಂದು ದಾಳಿ, ಜನರ ಮೇಲೆ ಬಿದ್ದ ಏಟು ಅನ್ನುವ ದನಿ ಕೇಳುತ್ತೆ. ತೊಂದರೆ ಆಗಲ್ಲ ಅಂತ ನಾನು ಹೇಳ್ತಿಲ್ಲ, ಬಸ್ಸಿಲ್ಲದೆ ನಾನೂ ನಡೆದಿದ್ದೀನಿ. ಆದರೆ ಆ ಪದ ಹುಟ್ಟಿದ್ದು ಎತ್ತಿದ ಕೈಯಿಂದ ಅಲ್ಲ, ಇಳಿಸಿದ ಹಾಯಿಯಿಂದ. ಯಾರು ಇಳಿಸಿದರೆ ಹಡಗು ನಿಲ್ಲುತ್ತೋ ಅವರೇ ಅದನ್ನು ಇಷ್ಟು ದಿನ ನಡೆಸ್ತಿದ್ದರು ಅಂತ ಆಗ ಗೊತ್ತಾಗುತ್ತೆ.

ಬೆಂಗಳೂರಿನ ಇಂಗ್ಲಿಷಿನ ಒಂದು ತಪ್ಪು ಹೇಳಿ ಮುಗಿಸ್ತೀನಿ. "ಸಿಲ್ಕ್ ಬೋರ್ಡ್ ಹತ್ರ ಸ್ಟ್ರಕ್ ಆಗ್ಬಿಟ್ಟಿದೀನಿ, ಲೇಟಾಗುತ್ತೆ" ಅಂತ ಫೋನ್ ಮಾಡೋರಿಗೆ ಲೆಕ್ಕವಿಲ್ಲ. ಹೇಳಬೇಕಾದ್ದು ಸ್ಟಕ್, ಹೇಳೋದು ಸ್ಟ್ರಕ್. ಮೊದಲೆಲ್ಲ ತಿದ್ದೋಕೆ ಹೋಗ್ತಿದ್ದೆ. ಥೇಮ್ಸಿನ ಕತೆ ಗೊತ್ತಾದ ಮೇಲೆ ತಿದ್ದೋದು ಬಿಟ್ಟೆ. ಹೊರಡೋಕೆ ಎಲ್ಲ ಸಿದ್ಧವಿದ್ದೂ ಸಾಲಾಗಿ ನಿಂತ ಗಾಡಿಗಳಿಗೆ ಆ ಪದ ಅಷ್ಟೇನೂ ತಪ್ಪಲ್ಲ.

ಅಪ್ಪನಿಗೆ ಈ ಹಾಯಿಯ ಕತೆ ಹೇಳೋಕೆ ನನಗೆ ಅವಕಾಶ ಸಿಕ್ಕಿತ್ತು, ಅವರ ಕೊನೆಯ ವರ್ಷಗಳಲ್ಲಿ. ಪೂರ್ತಿ ಕೇಳಿ, "ನಾನು ಆವತ್ತೇ ಹೇಳಿರಲಿಲ್ವೇನೋ?" ಅಂದರು. ಹೇಳಿದ್ದರು.